ಧೂಳಮ್ಮನ ಮಿಸ್ರಿ

"ನೀವು ಬೀಡಿ ಬಿಟ್ಟಿಲ್ರಿ," ಎಂದರು ಡಾಕ್ಟರ್ ಮೀನಾಜ್. "ರಕ್ತದಾಗ ಕೋಟಿನಿನ್ ಭಾಳ ಅದ. ಆಪರೇಷನ್ ಈಗ ಆಗಂಗಿಲ್ಲ."

ಹುಮನಾಬಾದಿನ ಆ ದವಾಖಾನೆಯಲ್ಲಿ ಮುರಿದ ಕಾಲು ಚಾಚಿ ಕೂತಿದ್ದ ದೇವಿಂದ್ರಪ್ಪ ಇಲ್ಲವೆಂದು ತಲೆಯಾಡಿಸಿದ. ತಂಬಾಕು ಬಿಡದಿದ್ದರೆ ಆಪರೇಷನ್ ಮಾಡಿದರೂ ಎಲುಬು ಕೂಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅಂದೇ ಆತ ಮೊಮ್ಮಗಳು ಪ್ರಣಿತಾಳ ತಲೆ ಮುಟ್ಟಿ ಇನ್ನು ಬೀಡಿ ಸೇದೆನೆಂದು ಆಣೆ ಮಾಡಿದ್ದ.

ಪಕ್ಕದಲ್ಲಿದ್ದ ಹೆಂಡತಿ ಧೂಳಮ್ಮ ಗಂಡನತ್ತ ತಿರುಗಿದಳು. ಕಾಲಿನ ಮಾತು ಹಾಗಿರಲಿ, ಕೂಸಿನ ತಲೆ ಮುಟ್ಟಿ ಸುಳ್ಳಾಡಿದನೇ? ಬಸವಕಲ್ಯಾಣದಿಂದ ಬರುವಾಗ ಬಸ್ಸಿನ ತುಂಬ ಗಂಡ ಬೀಡಿ ಬಿಟ್ಟದ್ದನ್ನು ಡಂಗುರ ಸಾರಿಕೊಂಡು ಬಂದವಳು ಆಕೆ.

"ಕೋಟಿನಿನ್ ಅಂದ್ರ ಏನ್ರಿ ಡಾಕ್ಟರ್ ಬಾಯಿ?" ಎಂದು ಕೇಳಿದಳು.

"ತಂಬಾಕಿನ್ಯಾಗ ನಿಕೋಟಿನ್ ಇರ್ತದ. ಮೈಯಾಗ ಹೋದ ಮ್ಯಾಲ ಅದೇ ಕೋಟಿನಿನ್ ಆಗ್ತದ. ನಿಕೋಟಿನ್ ಜಲ್ದಿ ಹೋಗಿಬಿಡ್ತದ, ಇದು ದಿನಗಟ್ಟಲೆ ರಕ್ತದಾಗ ಉಳೀತದ. ಅದಕ್ಕ ಇದನ್ನ ನೋಡ್ತೀವಿ."

ಧೂಳಮ್ಮ ಗಂಡನ ಮೇಲೆ ಹರಿಹಾಯ್ದಳು. "ಕೂಸಿನ ತಲಿ ಮುಟ್ಟಿದ ಕೈಲೇ ಬೀಡಿ ಹಿಡಿದ್ರಿ? ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

"ಖರೇನ ಸೇದಿಲ್ಲ ಅಂದ್ರ ನಂಬವಲ್ಲಿ," ಎಂದ ದೇವಿಂದ್ರಪ್ಪ.

ಡಾಕ್ಟರು ಗಂಡನನ್ನು ಬಿಟ್ಟು, ಬಯ್ಯುತ್ತಿದ್ದ ಹೆಂಡತಿಯ ಬಾಯನ್ನೇ ನೋಡುತ್ತಿದ್ದರು. ಹಲ್ಲಿನ ಸಂದಿ, ಒಸಡು ಎಲ್ಲ ಕಪ್ಪು.

"ಅವ್ವಾ, ಹಲ್ಲಿಗೆ ಏನ್ ಹಚ್ತೀರಿ?"

"ಮಿಸ್ರಿ. ಹಲ್ಲು ಘಟ್ಟಿ ಇರ್ತಾವು."

"ಇವರೂ ಹಚ್ತಾರೇನು?"

"ಮತ್ತ? ತಂಬಾಕು ತವಾದ ಮ್ಯಾಲ ಕರ್ರಗ ಹುರದು, ಪುಡಿ ಮಾಡಿ ನಾನೇ ಕೊಡ್ತೀನಿ. ಬೀಡಿ ಬಿಟ್ಟು ಬಾಯಿ ಸಪ್ಪಗ ಆಗ್ಯಾದ ಅಂದ್ರು, ಅದಕ್ಕ ಸಂಜಿಗೂ ಒಂದಿಷ್ಟು..." ಹೇಳುತ್ತ ಹೇಳುತ್ತ ಆಕೆಯ ದನಿ ಇಳಿಯಿತು.

ತಲೆತಲಾಂತರದಿಂದ ಆ ಮನೆಯಲ್ಲಿ ಮಿಸ್ರಿ ಹಲ್ಲುಪುಡಿಯೇ. ಅದನ್ನು ತಂಬಾಕಿನ ಲೆಕ್ಕಕ್ಕೆ ಹಿಡಿದವರು ಯಾರೂ ಇರಲಿಲ್ಲ.

ಡಾಕ್ಟರು ನಕ್ಕರು. "ಹುರದ್ರೂ ಅದು ತಂಬಾಕೇ ಅವ್ವಾ. ಇಬ್ರೂ ಬಿಡ್ರಿ. ಮುಂದಿನ ತಿಂಗಳ ಮತ್ತ ರಕ್ತ ನೋಡೂಣು. ಸ್ವಚ್ಛ ಆಗಿತ್ತಂದ್ರ ಆಪರೇಷನ್ ಮಾಡಿಬಿಡ್ತೀನಿ."

ಧೂಳಮ್ಮನಿಗೆ ಹೋದ ಜೀವ ಬಂದಂತಾಯಿತು. ಗಂಡ ಸುಳ್ಳನಲ್ಲ, ಆಣೆ ತಪ್ಪಿಲ್ಲ! ನಗು ಬಂತು, ಹಿಂದೆಯೇ ಕಣ್ಣೀರೂ ಬಂತು. "ಕೊಟ್ಟಾಕಿ ನಾನು, ಬೈಸ್ಕೊಂಡವ್ರು ನೀವು," ಎಂದು ಸೆರಗಿನಿಂದ ಮೂಗೊರೆಸಿಕೊಂಡಳು.

"ಬಸ್ಸಿನ್ಯಾಗ ಇದನ್ನೂ ಸಾರ್ತೀಯೇನು?" ಎಂದ ದೇವಿಂದ್ರಪ್ಪ.

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸಿದವಳ ಕೈ ರೂಢಿಯಂತೆ ಗೂಡಿನಲ್ಲಿದ್ದ ಮಿಸ್ರಿ ಡಬ್ಬಿಗೆ ಹೋಯಿತು. ಡಬ್ಬಿ ಖಾಲಿ; ರಾತ್ರಿಯೇ ತಿಪ್ಪೆಗೆ ಸುರುವಿದ್ದಳು. ಹೊರಗೆ ದೇವಿಂದ್ರಪ್ಪ ಊರುಗೋಲಿಗೆ ಒರಗಿ ಬೇವಿನ ಕಡ್ಡಿ ಮುರಿಯುತ್ತಿದ್ದ. ಅರ್ಧ ತಾನಿಟ್ಟುಕೊಂಡು ಅರ್ಧ ಆಕೆಗೆ ಚಾಚಿದ. ಕಹಿಗೆ ಇಬ್ಬರ ಮುಖವೂ ಕಿವುಚಿತು. ಕಟ್ಟೆಯ ಮೇಲೆ ಪ್ರಣಿತಾ ಮಿಸ್ರಿ ಹುರಿಯುವ ಹಳೇ ತವೆಯಲ್ಲಿ ಗುಬ್ಬಿಗಳಿಗೆಂದು ನೀರು ತುಂಬುತ್ತಿದ್ದಳು.