ಆಳ ಗೊತ್ತಿದ್ದವನು

ನೀರು ಲೋಟದ ಪಕ್ಕಕ್ಕೆ ಬಿತ್ತು. ಮೇಜಿನ ಮೇಲೆ ಹರಿದು ಕೀಬೋರ್ಡಿನ ಕಡೆಗೆ ಹೊರಟದ್ದನ್ನು ಅವನು ಅಂಗಿಯ ತೋಳಿನಿಂದಲೇ ಒರೆಸಿದ. ಯಾರಾದರೂ ನೋಡಿದರೇ? ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಎಡಗಣ್ಣು ಹೋಗಿ ತಿಂಗಳಾಗಿತ್ತು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದೇ ಕಣ್ಣು, ಅದೇ ರೆಪ್ಪೆ. "ದೃಷ್ಟಿ ಇನ್ನು ಬರಲ್ಲ. ದೂರ, ಹತ್ತಿರ ಅಂದಾಜು ಸಿಗೋಕೆ ಟೈಮ್ ಹಿಡಿಯುತ್ತೆ. ಮನೇಲಿ ಹೇಳಿಬಿಡಿ," ಎಂದಿದ್ದರು ಕಣ್ಣಿನ ಡಾಕ್ಟರು. ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಸಿನಿಮಾಗಳಿಗೆ ಕಾಡಿನ ಚಿತ್ರ ಬರೆಯುವವನ ಕಣ್ಣು ಹೋಯಿತೆಂದು ಯಾವ ಬಾಯಲ್ಲಿ ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು.

ತಂಡದ ಮುಖ್ಯಸ್ಥೆ ಬಂದು ಅವನ ಪರದೆಯ ಮುಂದೆ ನಿಂತರು. ಹತ್ತಿರದ ಎಲೆಗಳು ಕಡುಹಸಿರು, ಒಂದೊಂದರ ಅಂಚೂ ಚೂಪು. ನಡುವಿನ ಮರಗಳು ಗೊಂಚಲು ಗೊಂಚಲಾಗಿ ಮಂಕು. ಹಿಂದಿನವು ಬರೀ ನೀಲಿ ಹಬೆ. ಕೊಂಬೆಗಳ ನಡುವೆ ಅಲ್ಲಲ್ಲಿ ಆಕಾಶ ಇಣುಕುವ ತೂತು.

"ಅಬ್ಬಬ್ಬಾ, ಏನ್ರೀ ಆಳ ಇದು! ಕೈ ಹಾಕಿದ್ರೆ ಮೊಣಕೈ ತನಕ ಒಳಗೆ ಹೋಗುತ್ತೆ. ಹೊಸಬರಿಗೆ ನೀವೇ ಕಲಿಸಿ."

"ನೋಡೋಣ ಮೇಡಂ."

"ನೋಡೋದೇನು? ನಿಮ್ಮ ಕಣ್ಣೇ ಕಣ್ಣು ಬಿಡಿ."

ಅವನಿಗೆ ನಗು ಬಂತು. ಅದರ ಹಿಂದೆಯೇ ಭಯ. ಚಪ್ಪಟೆ ಪರದೆಯಲ್ಲಿ ಆಳ ತೋರಿಸಲು ಒಂದು ಕಣ್ಣು ಧಾರಾಳವಾಗಿ ಸಾಕು; ಅದು ನೋಡುವವರ ಕಣ್ಣಿಗೆ ಮಣ್ಣೆರಚುವ ಕೆಲಸ. ಮೆಟ್ಟಿಲಿನ ಹತ್ತಿರ ಆ ವಿದ್ಯೆ ನಡೆಯುವುದಿಲ್ಲ. ಸಂಜೆ ಇಳಿಯುವಾಗ ಒಂದೊಂದನ್ನೂ ಪಾದದಿಂದ ತಡವಿ ನೋಡಿದ.

ಪಾರ್ಕಿನ ಬೆಂಚಿನ ಮೇಲೆ ಹೆಂಡತಿ ಕಾಯುತ್ತಿದ್ದಳು. ಮಕ್ಕಳು ಹತ್ತಿ ಆಡುವ ಗೋಡೆಯ ತುದಿಯಲ್ಲಿ ಆರು ವರ್ಷದ ಮಗಳು ನಿಂತಿದ್ದಳು. ಅವಳ ಚಪ್ಪಲಿ ಅವನ ಹಣೆಯ ಎತ್ತರಕ್ಕಿತ್ತು.

"ಅಪ್ಪಾ, ಹಾರ್ತೀನಿ, ಹಿಡ್ಕೋ!"

"ಇಳಿದು ಬಾರೇ."

"ಮುಂಚೆ ಹಿಡ್ಕೋತಿದ್ದೆ!"

"ಪಾಪ, ಅಷ್ಟು ಕೇಳ್ತಿದೆ ಮಗು," ಎಂದಳು ಹೆಂಡತಿ. "ಈಗೀಗ ಅವಳನ್ನ ಎತ್ಕೊಳ್ಳೋದೇ ಇಲ್ಲ ನೀವು. ಏನಾಗಿದೆ ನಿಮಗೆ?"

"ಏನಿಲ್ಲ."

ಹೇಳಬೇಕಾದದ್ದು ನಾಲ್ಕೇ ಮಾತು. ಇಬ್ಬರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನುವುದೊಂದೇ ಅವನಿಗೆ ತಿಳಿಯುತ್ತಿತ್ತು. ಎರಡೂ ಕೈ ಚಾಚಿದ. ಗೋಡೆ, ಮಗಳು, ಆಚೆಯ ಮರಗಳು ಎಲ್ಲ ಒಂದೇ ಹಾಳೆಗೆ ಅಂಟಿಸಿದಂತಿದ್ದವು. ಅವಳು ಇರುವುದು ಎರಡು ಮೊಳ ದೂರದಲ್ಲೋ, ನಾಲ್ಕೋ?

"ಬಾ," ಎಂದ.

ಕಾಲು ಗೋಡೆ ಬಿಟ್ಟದ್ದು ಕಂಡಿತು. ಆಮೇಲೆ ಅವಳು ಹತ್ತಿರ ಬರಲಿಲ್ಲ. ಇದ್ದಲ್ಲೇ ದೊಡ್ಡದಾಗುತ್ತಾ ಹೋದಳು. ಮೊದಲು ಫ್ರಾಕು, ಆಮೇಲೆ ನಗುವ ಬಾಯಿ, ಆಮೇಲೆ ಅಪ್ಪನನ್ನು ನಂಬಿ ಬಿಗಿಯಾಗಿ ಮುಚ್ಚಿಕೊಂಡ ಎರಡು ಕಣ್ಣು.