ಧೂಳಪ್ಪ ಓದಿದ ಚೀಟಿಗಳು

"ಏ ಹಲ್ಕಟ್ ರಂಡಿ, ನೆಲಾ ಒರಸಾಕತ್ತೀಯೋ ಇಲ್ಲಾ ರಾಡಿ ಬಳ್ಯಾಕತ್ತೀಯೋ?"

ಧೂಳಪ್ಪನ ಬೂಟು ನಾನು ಆಗತಾನೇ ಒರೆಸಿದ ಜಾಗದ ಮೇಲೆಯೇ ನಿಂತಿತ್ತು. ಅವತ್ತು ಶುಕ್ರವಾರ, ಬೆಳಿಗ್ಗೆ ಆರಕ್ಕೆ ಬಂದವಳು ನಾನು. ಸಭಾಂಗಣದಲ್ಲಿ ನಾನೂರು ಕುರ್ಚಿ ಹಾಕಿ, ವೇದಿಕೆ ತೊಳೆದು, ಬ್ಯಾನರಿನ ಹಗ್ಗ ಕಟ್ಟಿ, ಸೊಂಟ ಹಿಡಿದುಹೋಗಿತ್ತು. ಅವನ ಬೂಟಿನ ಗುರುತನ್ನು ಮತ್ತೆ ಒರೆಸಿದೆ. ಅವನು ಒಂದು ಹೆಜ್ಜೆ ಮುಂದಿಟ್ಟ. ಅದನ್ನೂ ಒರೆಸಿದೆ.

"ಇವತ್ತ ಪೇಪರನವ್ರು ಬರ್ತಾರ. ಎಲ್ಲಾ ಚಕಾಚಕ ಇರಬೇಕ. ಮತ್ತ ಪ್ರಿನ್ಸಿಪಾಲ ಸಾಹೇಬ್ರು ಕರದಾರ, ಹೋಗಿ ಸಹಿ ಮಾಡಿ ಬಾ. ನಿನ್ನ ನಸೀಬ ತೆರದೈತಿ ಇವತ್ತ," ಅಂದು ನಕ್ಕ.

ಧೂಳಪ್ಪ ಮಹಾರಾಷ್ಟ್ರದ ಗಡಿಯ ಜತ್ತದ ನಮ್ಮ ಕಾಲೇಜಿನ ಹೆಡ್ ಕ್ಲಾರ್ಕ. ಸಂಸ್ಥೆಯ ಚೇರಮನ್ನರ ಹೆಂಡತಿಯ ತಮ್ಮ. ನಾನು ರಹಿಮಾ. ಹನ್ನೊಂದು ವರ್ಷದಿಂದ ಇಲ್ಲಿ ಕಸ ಹೊಡೆದು, ನೀರು ತುಂಬಿ, ಕಕ್ಕಸು ತೊಳೆಯುವವಳು. ಹನ್ನೊಂದು ವರ್ಷವೂ ರೋಜಂದಾರಿ, ದಿನಗೂಲಿ. ಪ್ರತಿ ಜೂನಿನಲ್ಲಿ "ಮುಂದಿನ ವರ್ಷ ಕಾಯಂ ಮಾಡ್ತೀವಿ" ಅನ್ನುತ್ತಾರೆ. ಈ ಸಲ ಆರ್ಡರಿನ ಕಾಗದ ಟೈಪಾಗಿ ಧೂಳಪ್ಪನ ಟೇಬಲ್ಲಿಗೆ ಬಂದಿತ್ತು. ಅವನ ಒಂದು ಶಿಕ್ಕಾ, ಕಾಲೇಜಿನ ಮೊಹರು, ಬೀಳುವುದೊಂದೇ ಬಾಕಿ.

ಅವನ ಶಿಕ್ಕಾದ ವಿಷಯ ಹೇಳಬೇಕು. ಮುಚ್ಚಂಡಿ, ಮಾಡಗ್ಯಾಳ ಕಡೆಯಿಂದ ಎಸ್.ಟಿ. ಬಸ್ಸಿಗೆ ಬರುವ ಮಕ್ಕಳ ಪಾಸಿನ ಅರ್ಜಿಗೆ ತಿಂಗಳಿಗೊಮ್ಮೆ ಕಾಲೇಜಿನ ಶಿಕ್ಕಾ ಬೇಕು. ಹುಡುಗರ ಅರ್ಜಿಗೆ ಕಿಟಕಿಯಲ್ಲೇ ಬೀಳುತ್ತದೆ. ಹುಡುಗಿಯರು ಬಂದರೆ, "ರಜಿಸ್ಟರ ನೋಡಬೇಕು, ಒಳಗ ಬಾ" ಅಂತ ಒಬ್ಬೊಬ್ಬಳನ್ನೇ ರೆಕಾರ್ಡ ರೂಮಿಗೆ ಕರೆಯುತ್ತಾನೆ. ಒಳಗೆ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆ ಕಟ್ಟಡದ ಗೋಡೆಗಳಿಗೆ ಮಾತ್ರ.

ನನಗಿಂತ ಮೊದಲು ಕಸ ಹೊಡೆಯುತ್ತಿದ್ದ ಸಿದ್ದವ್ವ ನನಗೊಂದು ಉಪಾಯ ಕಲಿಸಿ ಹೋಗಿದ್ದಳು. ಹುಡುಗಿ ಒಳಗೆ ಹೋದಳೋ ಇಲ್ಲವೋ, ಹೊರಗೆ ಕಬ್ಬಿಣದ ಬಕೀಟನ್ನು ಫರಸಿ ಕಲ್ಲಿನ ನೆಲದ ಮೇಲೆ ಕುಕ್ಕಬೇಕು. ಢಣ್ ಅಂತ ಸಪ್ಪಳ. ಯಾರೋ ಇದ್ದಾರೆ ಅಂತ ಅವನಿಗೆ ತಿಳಿಯಬೇಕು, ಕೈ ಹಿಂದೆಗೆಯಬೇಕು. ಹುಡುಗಿಯರು ಒಳಗೆ ಹೋಗುವ ಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ಬಕೀಟಿನ ಹಿಡಿಗೆ ಕೈ ಹಾಕುತ್ತಿದ್ದೆ. ಇದನ್ನೇ ಕಾವಲು ಅಂದುಕೊಂಡು ಹನ್ನೊಂದು ವರ್ಷ ದೂಡಿದೆ. ಥೂ ನನ್ನ ಬಾಳೇ!

ಆ ವಾರದ ಸೋಮವಾರ ಹಾಲವ್ವ ಒಳಗೆ ಹೋದಳು. ಮಾಡಗ್ಯಾಳದ ಕುರಿ ಕಾಯುವ ಅಮೋಘಸಿದ್ದಪ್ಪನ ಮಗಳು, ಬಿ.ಎ. ಎರಡನೇ ವರ್ಷ. ಅವರ ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೇ ಹುಡುಗಿ. ನಾನು ಬಕೀಟು ಕುಕ್ಕಿದೆ. ಒಳಗಿಂದ ಚಿಲಕ ಬಿದ್ದ ಸಪ್ಪಳ ಬಂತು. ಮತ್ತೆ ಕುಕ್ಕಿದೆ. "ಬಡೀ ಬಡೀ, ಇನ್ನಷ್ಟ ಬಡೀ!" ಅಂತ ಒಳಗಿಂದ ಧೂಳಪ್ಪ ನಕ್ಕ. ಅವನಿಗೆ ಆ ಸಪ್ಪಳ ರೂಢಿಯಾಗಿಹೋಗಿತ್ತು.

"ಅಕ್ಕಾ!" ಅಂದಳು ಹಾಲವ್ವ. ಒಂದೇ ಸಲ. ಆಮೇಲೆ ಬಾಯಿಗೆ ಕೈ ಒತ್ತಿದಂತೆ ದನಿ ಅಡಗಿತು.

ಆ ಬಾಗಿಲಿನ ಚಿಲಕ ಸಡಿಲವಾಗಿದೆ. ದಿನಾ ಒಳಗೆ ಕಸ ಹೊಡೆಯುವವಳು ನಾನು, ನನಗೆ ಗೊತ್ತಿಲ್ಲವೇ? ಹೆಗಲು ಕೊಟ್ಟು ಒಮ್ಮೆ ನೂಕಿದ್ದರೆ ಕಳಚಿ ಬೀಳುತ್ತಿತ್ತು. ನೂಕಲಿಲ್ಲ. ಅವನ ಟೇಬಲ್ಲಿನ ಮೇಲಿನ ನನ್ನ ಆರ್ಡರಿನ ಕಾಗದ ನೆನಪಿಗೆ ಬಂತು. ಸುಳ್ಳು ಯಾಕೆ ಹೇಳಲಿ, ಅದೇ ನೆನಪಿಗೆ ಬಂತು. ಬಕೀಟು ಹಿಡಿದು ನಿಂತೇ ಇದ್ದೆ.

ಅವಳು ಹೊರಗೆ ಬಂದಾಗ ಕುಪ್ಪಸದ ತೋಳು ಹರಿದಿತ್ತು, ತುಟಿಯಲ್ಲಿ ರಕ್ತವಿತ್ತು. ಕೈಯಲ್ಲಿ ಪಾಸಿನ ಅರ್ಜಿ. ಅದರ ಮೇಲೆ ಶಿಕ್ಕಾ ನೆಟ್ಟಗೆ ಬಿದ್ದಿತ್ತು.

ಬುಧವಾರ ಅಮೋಘಸಿದ್ದಪ್ಪ ಮಗಳನ್ನು ಕರೆದುಕೊಂಡು ಬಂದ. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ದಪ್ಪ ಮೆಟ್ಟು. ಪ್ರಿನ್ಸಿಪಾಲರು ಮೂಗಿಗೆ ಕರವಸ್ತ್ರ ಹಿಡಿದು, ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿದರು. "ಕುರಿ ನಾತ ಹೊಡೀತೈತಿ, ಅಲ್ಲೇ ನಿಂದರ."

"ನನ್ನ ಮಗಳ ಮೈಮ್ಯಾಲ ಕೈ ಮಾಡ್ಯಾರ್ರೀ ಸಾಹೇಬ್ರ."

"ಯಾರ ನೋಡ್ಯಾರ? ಸಾಕ್ಷಿ ಬೇಕಲ್ಲ? ಹಿಂಗ ಯಾವಾಕೀನೂ ಬಂದು ಯಾರ ಹೆಸರೂ ಹೇಳಬಹುದು."

"ರಹಿಮಾಕ್ಕ ಬಾಗಲದಾಗ ಇದ್ದಳ್ರಿ," ಅಂದಳು ಹಾಲವ್ವ. ಅಲ್ಲೇ ಕಸ ಹೊಡೆಯುತ್ತಿದ್ದ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ.

"ನಾ ನೀರ ತರಾಕ ಹೋಗಿದ್ನಿರಿ," ಅಂದೆ.

ಅಮೋಘಸಿದ್ದಪ್ಪ ಕಂಬಳಿ ಹೆಗಲಿಗೇರಿಸಿಕೊಂಡ. "ನಡೀ ಮಗಳ. ಸಾಕು ಈ ಸೂಳೇಮಕ್ಕಳ ಸಾಲಿ." ಪ್ರಿನ್ಸಿಪಾಲರು ಶುಕ್ರವಾರ ಬಂದು ಕಾಲೇಜು ಬಿಟ್ಟ ದಾಖಲೆ ಒಯ್ಯಿರಿ ಅಂದರು. ದಾಖಲೆ ಕೊಡುವುದಕ್ಕೆ ಮಾತ್ರ ಅವರು ತಡ ಮಾಡುವುದಿಲ್ಲ.

ಆ ರಾತ್ರಿ ಮನೆಯಲ್ಲಿ ಗುಲಾಬನಿಗೆ ಹೇಳಿದೆ. ನನ್ನ ಗಂಡ, ಪಾತ್ರೆಗಳಿಗೆ ಕಲಾಯಿ ಮಾಡಿ ಮಾಡಿ ಎದೆಯೆಲ್ಲ ಹೊಗೆ ತುಂಬಿಕೊಂಡವನು. ಬಹಳ ಹೊತ್ತು ಕೆಮ್ಮಿದ. "ಮೊದಲ ಕಾಯಂ ಆಗು. ಖರೇ ಹೇಳಾಕ ಜಲ್ಮ ಐತಿ," ಅಂದ.

ಇಷ್ಟಾದ ಮೇಲೆ ಶುಕ್ರವಾರ ಧೂಳಪ್ಪ ಹೇಳಿದ ಆ ಸಹಿ. ಪ್ರಿನ್ಸಿಪಾಲರ ಟೇಬಲ್ಲಿನ ಮೇಲೆ ಮರಾಠಿಯಲ್ಲಿ ಟೈಪು ಮಾಡಿದ ಹೇಳಿಕೆ ಇತ್ತು. ನಾನು ಆ ಹೊತ್ತಿನಲ್ಲಿ ಬಾಗಿಲಲ್ಲಿ ಇರಲಿಲ್ಲ, ಏನೂ ನೋಡಿಲ್ಲ, ಏನೂ ಕೇಳಿಲ್ಲ ಅಂತ. ಅವರೇ ಓದಿ ಹೇಳಿದರು. ಸಹಿ ಮಾಡಿದೆ. ಪೆನ್ನು ನೆಟ್ಟಗೆ ಹಿಡಿಯಲು ಬರಲಿಲ್ಲ, ಬೆರಳೆಲ್ಲ ಫಿನಾಯಿಲಿನಲ್ಲಿ ಒಡೆದಿದ್ದವು. "ಶಾಣ್ಯಾಕಿ ಅದಿ," ಅಂದರು ಸಾಹೇಬರು.

ಹನ್ನೊಂದು ಗಂಟೆಗೆ ಸಭಾಂಗಣ ತುಂಬಿತು. ರಾಜ್ಯಶಾಸ್ತ್ರಕ್ಕೆ ಸಾತಾರೆಯ ಕಡೆಯ ಒಬ್ಬ ಹೊಸ ಮಾಸ್ತರರು ಬಂದಿದ್ದರು. ಅಮೆರಿಕದಲ್ಲಿ ಅಧ್ಯಕ್ಷರಾಗುವವರು ಎದುರುಬದುರು ನಿಂತು ವಾದ ಮಾಡುತ್ತಾರೆ ಅಂತ ಟಿ.ವಿ.ಯಲ್ಲಿ ನೋಡಿ ಅವರಿಗೆ ಹುರುಪು ಬಂದಿತ್ತು. ನಮ್ಮ ವಿದ್ಯಾರ್ಥಿ ಮಂಡಳದ ಅಧ್ಯಕ್ಷರನ್ನೂ ಹಾಗೆಯೇ ಆರಿಸೋಣ ಅಂದಿದ್ದರು. ಹಾಲವ್ವನ ಸುದ್ದಿ ಹೇಗೋ ಪೇಪರಿನವರ ಕಿವಿಗೆ ಬಿದ್ದಿತ್ತು. ಹಾಗಾಗಿ ಪ್ರಿನ್ಸಿಪಾಲರೇ ಒಂದು ವಿಷಯ ಸೇರಿಸಿದ್ದರು: ಕಾಲೇಜಿನಲ್ಲಿ ಹುಡುಗಿಯರ ಸುರಕ್ಷತೆ. ಎಲ್ಲರೂ ವಾದ ಕೇಳಿ, ಅಧ್ಯಕ್ಷರು ಯಾರಾಗಬೇಕು, ಸುರಕ್ಷತೆ ಹೇಗಿದೆ, ಎರಡರ ಬಗ್ಗೆಯೂ ತಮ್ಮ ಅಭಿಪ್ರಾಯ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಹೆಸರು ಬರೆಯಬೇಕಾಗಿಲ್ಲ.

ಎರಡು ಮೈಕಿನ ಹಿಂದೆ ಇಬ್ಬರು ನಿಂತರು. ಒಬ್ಬ ಅಣ್ಣಾರಾಯ, ಚೇರಮನ್ನರ ಅಣ್ಣನ ಮಗ. ಇನ್ನೊಬ್ಬಳು ದಾಕ್ಷಾಯಣಿ, ಪೇಟೆಯ ಅರಿವೆ ಅಂಗಡಿಯವರ ಮಗಳು. ನಾನು ವೇದಿಕೆಯ ಮೂಲೆಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಕಾಲು ಜುಂ ಅನ್ನುತ್ತಿದ್ದವು.

ಅಣ್ಣಾರಾಯ ಮರಾಠಿಯಲ್ಲಿ ಗಂಟಲು ಹರಿಯುವಂತೆ ಮಾತಾಡಿದ. ನಮ್ಮ ಕಾಲೇಜು ಒಂದು ಕುಟುಂಬ, ಹುಡುಗಿಯರೆಲ್ಲ ನಮ್ಮ ಅಕ್ಕತಂಗಿಯರು, ಅವರು ಸಂಜೆ ಐದರೊಳಗೆ ಮನೆ ಸೇರಿದರೆ ಯಾವ ಭಯವೂ ಇಲ್ಲ. ಚಪ್ಪಾಳೆ ಬಿತ್ತು. ಹಾಲವ್ವ ಒಳಗೆ ಹೋದಾಗ ಗಡಿಯಾರದಲ್ಲಿ ಹನ್ನೊಂದೂವರೆ. ಹಗಲು ಹನ್ನೊಂದೂವರೆ, ಬಿಸಿಲು ಧಗಧಗ ಅನ್ನುತ್ತಿತ್ತು.

ದಾಕ್ಷಾಯಣಿ "ಈ ವಾರ ನಮ್ಮ ಕಾಲೇಜಿನಲ್ಲೇ..." ಅಂತ ಶುರು ಮಾಡಿದಳು. ಪ್ರಿನ್ಸಿಪಾಲರು ಕೆಮ್ಮಿದರು. ಹುಡುಗಿ ಅವರ ಕಡೆ ನೋಡಿದಳು. "...ಕರಾಟೆ ಕ್ಲಾಸು ಶುರು ಮಾಡಬೇಕು," ಅಂದಳು. ಅದಕ್ಕೂ ಚಪ್ಪಾಳೆ ಬಿತ್ತು.

ಹಾಲವ್ವ ಕಟ್ಟಕಡೆಯ ಸಾಲಿನಲ್ಲಿ ಕುಳಿತಿದ್ದಳು. ದಾಖಲೆ ಮಧ್ಯಾಹ್ನ ಕೊಡುತ್ತೇವೆ ಅಂದಿದ್ದರಂತೆ. ಅಮೋಘಸಿದ್ದಪ್ಪ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ. ಚೀಟಿಯ ಡಬ್ಬಿ ಹಿಡಿದು ನಾನೇ ಸಾಲು ಸಾಲು ತಿರುಗಿದೆ. ಹಳ್ಳಿಯ ಹುಡುಗಿಯರು ಮೊಣಕಾಲ ಮೇಲೆ ಕಾಗದವಿಟ್ಟು ಬರೆಯುತ್ತಲೇ ಇದ್ದರು. ಹಾಲವ್ವ ತನ್ನ ಚೀಟಿ ಹಾಕಿದಳು. ನನ್ನ ಮುಖ ನೋಡಲಿಲ್ಲ.

ಹೊಸ ಮಾಸ್ತರರು ಒಂದೊಂದೇ ಚೀಟಿ ತೆಗೆದು ಓದಿದರು. ವಾದ ಭಾರಿ ಆಯಿತು. ಅಣ್ಣಾರಾಯನ ಮಾತು ಚಲೋ ಇತ್ತು. ವಾಚನಾಲಯಕ್ಕೆ ಫ್ಯಾನು ಬೇಕು. ಹುಡುಗಿಯರು ಫ್ಯಾಶನ್ ಕಡಿಮೆ ಮಾಡಬೇಕು. ಹುಡುಗರು ಸೀಟಿ ಹೊಡೆದರು. ಆಮೇಲೆ ಒಂದು ಚೀಟಿ ತೆಗೆದವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. ಕನ್ನಡದಲ್ಲಿತ್ತು. ಅವರಿಗೆ ಬರುವುದಿಲ್ಲ.

"ಕೊಡ್ರಿ ಸರ್, ನಾ ಓದತೀನಿ," ಅಂತ ಧೂಳಪ್ಪ ಎದ್ದ.

ಚೀಟಿಯ ಮೇಲೆ ಕಣ್ಣಾಡಿಸಿದ. ಆಮೇಲೆ ನಗುತ್ತ ಮರಾಠಿಯಲ್ಲಿ ಹೇಳಿದ: "ನೀರಿನ ಟಾಕಿ ತೊಳೆಸಬೇಕಂತೆ." ಚೀಟಿ ಮುದುಡಿ ಕೆಳಗೆ ಒಗೆದ. ಮುಂದಿನದನ್ನೂ ಅವನೇ ಎತ್ತಿಕೊಂಡ. "ಮುಚ್ಚಂಡಿಗೆ ಇನ್ನೊಂದು ಬಸ್ಸು ಬಿಡಬೇಕಂತೆ." ಮುದುಡಿದ, ಒಗೆದ. ಸಭಾಂಗಣದಲ್ಲಿ ಅರ್ಧಕ್ಕರ್ಧ ಮಂದಿಗೆ ಕನ್ನಡ ಓದಲು ಬರುತ್ತದೆ. ಆದರೆ ಕಾಗದ ಅವನ ಕೈಯಲ್ಲಿತ್ತು. ತಾನು ಬರೆದದ್ದು ಬೇರೆ ಅಂತ ಯಾವ ಹುಡುಗಿ ಎದ್ದು ಹೇಳಬೇಕು? ಹೇಳಿದರೆ ಬರೆದವಳು ಯಾರು ಅಂತ ಗೊತ್ತಾಗುತ್ತದೆ. ತಿಂಗಳ ಕೊನೆಗೆ ಅವಳಿಗೂ ಶಿಕ್ಕಾ ಬೇಕು.

ಹೀಗೆ ಏಳೆಂಟು ಚೀಟಿ ಓದಿದ. ಕೊನೆಯದನ್ನು ಓದುವಾಗ ನನ್ನ ಕಡೆ ತಿರುಗಿ ಹಲ್ಲು ಬಿಟ್ಟ. "ನಮ್ಮ ರಹಿಮಾ ಭಾಳ ಚಂದ ಕಸ ಹೊಡೆಯುತ್ತಾಳಂತೆ. ಆಕೆಗೊಂದು ಚಪ್ಪಾಳೆ ಕೊಡಿ."

ನಾನೂರು ಮಂದಿ ನನಗೆ ಚಪ್ಪಾಳೆ ತಟ್ಟಿದರು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ.

"ಏ ರಹಿಮಾ, ಕಸಾ ಎತ್ತು," ಅಂದ ಕೆಳಗಿನ ಚೀಟಿ ತೋರಿಸಿ.

ಬಗ್ಗಿ ಆರಿಸಿ ಉಡಿಗೆ ತುಂಬಿಕೊಂಡೆ. ನಾನು ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಅದು ಅವನಿಗೆ ಗೊತ್ತಿಲ್ಲ, ಯಾರೂ ಕೇಳಿಲ್ಲ. ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಅವನು ನನ್ನ ಹೆಸರು ಹೇಳಿದ ಚೀಟಿಯನ್ನೇ ಮೊದಲು ಬಿಚ್ಚಿದೆ. ಓದಿದೆ. ಉಳಿದವನ್ನೂ ಓದಿದೆ. ಎದ್ದು ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತು. ಹೊರಗೆ ಇನ್ನೂ ಯಾರೋ ನಗುತ್ತಿದ್ದರು. ಸಾಕಾಗಿತ್ತು ನನಗೆ. ಕಸ ಹೊಡೆದು ಅಲ್ಲ, ಸುಮ್ಮನಿದ್ದು ಸಾಕಾಗಿತ್ತು.

ವೇದಿಕೆಯ ಮೇಲೆ ಹೋಗಿ ದಾಕ್ಷಾಯಣಿಯ ಮೈಕಿನ ಮುಂದೆ ನಿಂತೆ. ಹುಡುಗಿ ತಾನೇ ಸರಿದು ಜಾಗ ಕೊಟ್ಟಳು.

"ಇವು ಹಂಗಿಲ್ಲ. ಖರೇ ಹೆಂಗ ಅದಾವ, ಹಂಗ ಓದತೀನಿ," ಅಂದೆ. ಸಣ್ಣ ಮಕ್ಕಳಂತೆ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ಹುಡುಗರ ಪಾಸಿಗೆ ಕಿಟಕ್ಯಾಗ ಶಿಕ್ಕಾ ಹೊಡೀತಾರ. ನಮ್ಮನ್ನ ಒಳಗ ಯಾಕ ಕರೀತಾರ?"

"ಏ ಕೆಳಗ ಇಳೀ ಬೋಳಿ!" ಧೂಳಪ್ಪ ಎದ್ದ.

"ನಮ್ಮಕ್ಕ ಇದಕ್ಕ ಕಾಲೇಜ ಬಿಟ್ಟಳು. ನಾ ಮನ್ಯಾಗ ಹೇಳಿದ್ರ ನಾಳೆ ನನ್ನ ಲಗ್ನಾ ಮಾಡ್ತಾರ."

ಮೈಕು ಸತ್ತಿತು. ಪ್ರಿನ್ಸಿಪಾಲರು ವೈರಿನ ಹತ್ತಿರ ನಿಂತಿದ್ದರು. ನಾನು ದನಿ ಏರಿಸಿ ಓದಿದೆ. "ರೆಕಾರ್ಡ ರೂಮಿನ ಚಿಲಕಾ ಕಿತ್ತ ಹಾಕ್ರಿ. ಅಧ್ಯಕ್ಷ ಯಾರರೇ ಆಗಲಿ." ಧೂಳಪ್ಪ ನನ್ನ ರಟ್ಟೆ ಹಿಡಿದ. ಹೊಸ ಮಾಸ್ತರರಿಗೆ ಏನು ತಿಳಿಯಿತೋ, ಅವರು ಬಂದು ನಡುವೆ ನಿಂತರು. "ಓದಲಿ ಬಿಡಿ," ಅಂದರು ಮರಾಠಿಯಲ್ಲಿ.

ನನ್ನ ಹೆಸರಿದ್ದ ಒಂದೇ ಚೀಟಿ ಉಳಿಯಿತು. ಬೇಕಾದರೆ ಉಡಿಯಲ್ಲೇ ಇಟ್ಟುಕೊಳ್ಳಬಹುದಾಗಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಚ್ಚಿದೆ.

"ರಹಿಮಾಕ್ಕ ನೀರಿಗೆ ಹೋಗಿರಲಿಲ್ಲ. ಬಾಗಲದಾಗ ಇದ್ದಳು. ನಾ ಕೂಗಿದ್ದು ಆಕೀಗೆ ಕೇಳಿಸೈತಿ. ಆಕೀನ ಕೇಳ್ರಿ."

ಯಾರೂ ಏನೂ ಕೇಳಲಿಲ್ಲ.

"ಖರೇ ಐತಿ," ಅಂದೆ. "ನಾ ಇದ್ದೆ. ಈ ಧೂಳಪ್ಪ ಚಿಲಕಾ ಹಾಕಿದ್ದ. ಕೂಗಿದ್ದು ಕೇಳಿಸ್ತು. ಮುಂಜಾನಿ ನಾ ಮಾಡಿದ ಸಹಿ ಸುಳ್ಳ ಐತಿ." ಮಾಸ್ತರರಿಗೂ ತಿಳಿಯಲಿ ಅಂತ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ.

ಹಿಂದಿನ ಸಾಲಿನಲ್ಲಿ ಹಾಲವ್ವ ಎದ್ದು ನಿಂತಳು. ನನಗೆ ಕೈ ಮುಗಿಯುತ್ತಾಳೆ ಅಂತ ಒಂದು ಗಳಿಗೆ ಅಂದುಕೊಂಡೆ. ಎಂಥ ಆಸೆ ನೋಡಿ ನನ್ನದು.

"ಮತ್ತ ಬಾಗಲಾ ಯಾಕ ನೂಕಲಿಲ್ಲಕ್ಕಾ?" ಅಂದಳು.

"ಕಾಯಂ ಆಗಬೇಕಾಗಿತ್ತವ್ವಾ," ಅಂದೆ. ಮೈಕು ಇರಲಿಲ್ಲ. ಆದರೂ ಅದು ಎಲ್ಲರಿಗೂ ಕೇಳಿಸಿತು.