ಅಜ್ಜಿ ಅಲೆಯ ಮೇಲೆ ಇಬ್ಬರು

ಒಬ್ದುಲಿಯಾಗೆ ಎಡಗಿವಿ ಕೇಳಿಸುವುದಿಲ್ಲ ಎಂಬುದು ನಮ್ಮ ಕೊಲ್ಲಿಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಹೆತ್ತ ಮಗಳು ಯುರಿದಿಯಾಗೂ ಅವಳು ಹೇಳಿರಲಿಲ್ಲ. ಇಗರ್ಜಿಯಲ್ಲಿ ಬೆಂಚಿನ ಎಡತುದಿ ಹಿಡಿದು ಕೂರುತ್ತಿದ್ದಳು, ಊಟಕ್ಕೆ ಕೂತರೆ ಎಡಭುಜವನ್ನು ಗೋಡೆಗೆ ಕೊಡುತ್ತಿದ್ದಳು. ಯಾರಾದರೂ ಆ ಕಡೆಯಿಂದ ಕೂಗಿ ಅವಳು ತಿರುಗದಿದ್ದರೆ, ಜಂಬದ ಹೆಂಗಸು ಎಂದುಕೊಂಡು ನಾವು ಸುಮ್ಮನಾಗುತ್ತಿದ್ದೆವು.

ಮೊದಲು ಅವಳು ಸಿಂಪಿಗಾಗಿ ಮುಳುಗು ಹಾಕುವವಳು. ನಲವತ್ತಮೂರನೆಯ ವಯಸ್ಸಿನಲ್ಲಿ, ಒಂದು ದಿನ ಬಂಡೆಯಡಿಯಲ್ಲಿ ಕಿವಿಯೊಳಗೆ ಏನೋ ಒಡೆದ ಹಾಗಾಯಿತು. ಮೇಲೆ ಬಂದಾಗ ಕತ್ತಿನವರೆಗೆ ರಕ್ತ. ಗಾಯ ಮಾಯಿತು, ಸದ್ದು ಮರಳಲಿಲ್ಲ. ಮುಳುಗುವುದು ನಿಂತಿತು. ನೀರು ಬಿಟ್ಟು ಬದುಕಿ ಗೊತ್ತಿಲ್ಲದವಳು ಪ್ರವಾಸಿಗಳಿಗೆ ಅಲೆಯ ಮೇಲೆ ಜಾರುವುದನ್ನು ಕಲಿಸುವ ದೋನ್ ಎಫ್ರೇನನ ಶಾಲೆಯಿಂದ ಒಂದು ಹಳೆಯ ಹಲಗೆಯನ್ನೂ ಉದ್ದನೆಯ ಹುಟ್ಟನ್ನೂ ಎರವಲು ತಂದಳು. ಹಲಗೆಯ ಮೇಲೆ ನೆಟ್ಟಗೆ ನಿಂತು ಹುಟ್ಟು ಹಾಕುತ್ತ ಹೋದರೆ ತಲೆ ನೀರಿಗೆ ತಾಗಬೇಕಿಲ್ಲ. ಎರಡು ವರ್ಷದಲ್ಲಿ ಅವಳಷ್ಟು ಚೆನ್ನಾಗಿ ಸಣ್ಣ ಅಲೆ ಹಿಡಿಯುವವರು ಈ ತೀರದಲ್ಲಿ ಇರಲಿಲ್ಲ. ದೋನ್ ಎಫ್ರೇನ್ ಅವಳನ್ನು ಕಲಿಸುವ ಕೆಲಸಕ್ಕೆ ಇಟ್ಟುಕೊಂಡ.

ನಮ್ಮ ಕೊಲ್ಲಿಯಲ್ಲಿ ಬಂಡೆಸಾಲಿನ ಒಳಗೆ ಏಳುವ ಅಲೆಗೆ ಅಜ್ಜಿ ಎಂದೇ ಹೆಸರು. ಸೊಂಟದೆತ್ತರ, ಹೆಚ್ಚೆಂದರೆ ಎದೆಮಟ್ಟ. ನಿಧಾನವಾಗಿ ಬರುತ್ತದೆ, ಬಿದ್ದವರನ್ನು ಹೆಚ್ಚು ಹೊಡೆಯುವುದಿಲ್ಲ. ಎತ್ತರದ ಅಲೆಗಾಗಿ ಬರುವ ಹುಡುಗರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಒಬ್ದುಲಿಯಾ ಮಿರೇಯಾಳಿಗೆ ಕಲಿಸಿದ್ದು ಅಲ್ಲೇ.

ಮಿರೇಯಾ ಯುರಿದಿಯಾಳ ಧರ್ಮತಾಯಿ. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವಳು. ಅಂದಿನಿಂದ ಅವಳೂ ಒಬ್ದುಲಿಯಾಳೂ ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದೇ ಕರೆಯುತ್ತಿದ್ದರು. ಮೀನು ಕೊಯ್ಯುವ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ದುಡಿದು ಅವಳ ಬೆರಳುಗಳು ಉಪ್ಪುನೀರಿಗೆ ಬಿರಿದಿದ್ದವು. ಕಡಲ ಪಕ್ಕದಲ್ಲೇ ಹುಟ್ಟಿದರೂ ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ. ಒಬ್ದುಲಿಯಾ ಎರಡು ತಿಂಗಳು ಎದೆಮಟ್ಟದ ನೀರಿನಲ್ಲಿ ನಿಂತು ಅವಳ ಹಲಗೆಯ ಬಾಲ ಹಿಡಿದಳು.

“ಮಂಡಿ ಬಗ್ಗಿಸೇ! ತಲೆ ಯಾಕೆ ಬಗ್ಗಿಸ್ತೀಯ? ಇದೇನು ಇಗರ್ಜಿನಾ?”

“ಕೆಳಗೆ ಏನೋ ಓಡಾಡ್ತಿದೆ ಕೊಮಾದ್ರೆ!”

“ಮೀನು ಕಣೇ. ಇಷ್ಟು ವರ್ಷ ಅವುಗಳ ಹೊಟ್ಟೆ ಸೀಳಿದ್ದೀಯಲ್ಲ, ಯಾರಿವಳು ಅಂತ ನೋಡೋಕೆ ಬಂದಿವೆ. ಮುಂದೆ ನೋಡು. ಸಣ್ಣ ಅಲೆಗೆ ನಿನ್ನನ್ನ ತಳ್ಳೋ ಶಕ್ತಿ ಇರಲ್ಲ. ಅದು ಬರೋಕೆ ಮುಂಚೆ ನೀನೇ ಓಡ್ತಿರಬೇಕು. ಹುಟ್ಟು ಬೇಗ ಬೇಗ ಹಾಕು. ಹಿಂದೆ ಎತ್ತಿದ ಹಾಗಾಯ್ತಾ? ಈಗ ಒಂದು ಕಾಲು ಹಿಂದಕ್ಕೆ!”

ಒಂದು ಬೆಳಿಗ್ಗೆ ಅಲೆ ಮಿರೇಯಾಳನ್ನು ಎತ್ತಿತು. ಅವಳು ಕಿರುಚುತ್ತ ಮರಳಿನವರೆಗೂ ಹೋದಳು. ಇಳಿಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಹಲಗೆ ಮರಳಿಗೆ ತಾಗಿ ನಿಂತ ಮೇಲೂ ಹುಟ್ಟು ಹಿಡಿದು ಹಾಗೇ ನಿಂತಿದ್ದಳು. ಇಬ್ಬರೂ ನಕ್ಕು ನಕ್ಕು ಮರಳಿನ ಮೇಲೆ ಬಿದ್ದರು. ಆ ನಗುವಿನ ನಡುವೆಯೇ ಒಬ್ದುಲಿಯಾ ತನ್ನ ಕಿವಿಯ ವಿಷಯ ಹೇಳಿದ್ದು.

“ಯಾರಿಗೂ ಹೇಳಬೇಡ. ಗೊತ್ತಾದ್ರೆ ನನ್ನ ಹತ್ರ ಮಕ್ಕಳನ್ನ ಕಳಿಸ್ತಾರಾ?”

“ನನ್ನ ಬಾಯಿಂದ ಹೊರಗೆ ಬರಲ್ಲ,” ಎಂದಳು ಮಿರೇಯಾ. “ಇನ್ಮೇಲೆ ನಿನ್ನ ಎಡಗಡೆ ನಾನಿರ್ತೀನಿ. ಸಾಕಾ?”

ಮಾತಿಗೆ ತಪ್ಪಲಿಲ್ಲ. ಆರು ವರ್ಷ ಅವಳು ಒಬ್ದುಲಿಯಾಳ ಎಡಕ್ಕೇ ಹಲಗೆ ನಡೆಸಿದಳು. ಮೋಟಾರು ದೋಣಿ ಬಂದರೆ ಹುಟ್ಟೆತ್ತಿ ತೋರಿಸುವಳು. ಕೊಟ್ಟಿಗೆ ಬಿಟ್ಟು ಅವಳೂ ಶಾಲೆಗೆ ಸೇರಿದಳು. ಪ್ರವಾಸಿಗಳು ಇಬ್ಬರನ್ನೂ ಅಕ್ಕತಂಗಿಯರೇ ಎಂದು ಕೇಳುತ್ತಿದ್ದರು.

ಕಳೆದ ವರ್ಷ ದೋನ್ ಎಫ್ರೇನನ ಮಂಡಿ ಸಂಪೂರ್ಣ ಕೆಟ್ಟಿತು. ಎಪ್ಪತ್ತು ದಾಟಿದ ಮನುಷ್ಯ. ಚಳಿಗಾಲದ ಪ್ರವಾಸಿಗಳು ಬರುವ ಮುಂಚೆ ಶಾಲೆಯನ್ನು ಇಬ್ಬರಲ್ಲಿ ಒಬ್ಬರ ಕೈಗೆ ಒಪ್ಪಿಸುವುದಾಗಿ ಹೇಳಿದ. ಅದು ಯಾರೆಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಒಬ್ದುಲಿಯಾಳಿಗೂ ಇರಲಿಲ್ಲ. ಶೆಡ್ಡಿನ ಗೋಡೆಗೆ ಯಾವ ಬಣ್ಣ ಬಳಿಯುವುದೆಂದು ಮಿರೇಯಾಳ ಜೊತೆ ಚರ್ಚೆ ಮಾಡುತ್ತಿದ್ದಳು.

ಅಕ್ಟೋಬರಿನಲ್ಲಿ ದೋನ್ ಎಫ್ರೇನ್ ಇಬ್ಬರನ್ನೂ ಕೂರಿಸಿಕೊಂಡು, ಕಲಿಸುವವರೆಲ್ಲ ಕಣ್ಣು ಕಿವಿ ಪರೀಕ್ಷೆ ಮಾಡಿಸಿಕೊಂಡು ಚೀಟಿ ತರಬೇಕು ಎಂದ. ಇಷ್ಟು ವರ್ಷ ಇಲ್ಲದ ನಿಯಮ. ಅವನು ನೆಲ ನೋಡುತ್ತ ಹೇಳಿದ. ತೆಪಿಕ್ ಪಟ್ಟಣದ ವೈದ್ಯರು ಒಬ್ದುಲಿಯಾಳ ಕಿವಿಗೆ ಯಂತ್ರ ಹಚ್ಚಿ, ಸದ್ದು ಕೇಳಿಸಿದಾಗ ಕೈ ಎತ್ತಿ ಎಂದರು. ಎಡಗಿವಿಯ ಸರದಿಯಲ್ಲಿ ಅವಳು ಅಂದಾಜಿನ ಮೇಲೆ ನಾಲ್ಕು ಸಲ ಕೈ ಎತ್ತಿದಳು. ನಾಲ್ಕೂ ಸಲ ಸದ್ದೇ ಇರಲಿಲ್ಲ.

ಅವಳ ಕೆಲಸ ಹೋಯಿತು. ಸುದ್ದಿ ಊರಿಗೆಲ್ಲ ಹಬ್ಬಿತು. ಆ ಸಂಜೆ ಮಿರೇಯಾ ಒಂದು ಪಾತ್ರೆ ತುಂಬ ಪೊಸೋಲೆ, ಮೆಕ್ಕೆಜೋಳ ಮಾಂಸದ ಸಾರು, ಮಾಡಿಕೊಂಡು ಬಂದಳು. ಬಟ್ಟಲಿಗೆ ಬಡಿಸಿ, ಮೂಲಂಗಿ ಹೆಚ್ಚಿ ಹಾಕಿ, ನಿಂಬೆ ಹಿಂಡಿದಳು.

“ಯಾವ ಹಾಳುಬಾಯಿ ಹೇಳ್ತೋ! ಅದರ ನಾಲಿಗೆಗೆ ಹುಳ ಬೀಳ,” ಎಂದು ಶಾಪ ಹಾಕಿದಳು. ಅತ್ತಳು. ಒಬ್ದುಲಿಯಾಳೇ ಅವಳ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು.

“ಹೋಗ್ಲಿ ಬಿಡು ಕೊಮಾದ್ರೆ. ಸದ್ಯ ಶಾಲೆ ನಿನ್ನ ಕೈಗೆ ಬಂತಲ್ಲ. ಬೇರೆಯವರ ಪಾಲಾಗಲಿಲ್ಲ.”

ನಿಜವಾಗಿ ಹಾಗೇ ಅಂದುಕೊಂಡಿದ್ದಳು. ತಾನು ಕರೆದಾಗ ತಿರುಗದ್ದನ್ನು ಯಾರೋ ಗಮನಿಸಿರಬೇಕು ಎಂದುಕೊಂಡು ಮೂರು ವಾರ ಆ ನೆಮ್ಮದಿಯಲ್ಲೇ ಇದ್ದಳು.

ಆಮೇಲೆ ಒಂದು ಮಧ್ಯಾಹ್ನ ದೋನ್ ಎಫ್ರೇನ್ ಊರುಗೋಲು ಹಿಡಿದು ಅವಳ ಮನೆಗೆ ಬಂದ. ಮನಸ್ಸಿನಲ್ಲಿ ಕೊರೆಯುತ್ತಿತ್ತೆಂದು ಕಾಣುತ್ತದೆ. ಕಾಫಿ ಕುಡಿದು, ಹವಾಮಾನದ ಮಾತಾಡಿ, ಕೊನೆಗೆ ಹೇಳಿದ: “ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಮ್ಮ. ಏಪ್ರಿಲ್‌ನಲ್ಲಿ ಆ ದೋಣಿ ನಿಮಗೆ ಬಡಿದಿದ್ರೆ ನಾನು ಯಾರ ಮುಖ ನೋಡಬೇಕಿತ್ತು? ಪುಟ್ಟ ಮಗು ಬೇರೆ ಹಲಗೆ ಮೇಲೆ. ಪಾಪ, ಅದು ಆಟ ಅಂದ್ಕೊಂಡು ನಕ್ಕಿತಂತೆ.”

ಒಬ್ದುಲಿಯಾ ಲೋಟ ಕೆಳಗಿಟ್ಟಳು.

ಏಪ್ರಿಲ್‌ನ ಆ ಬೆಳಿಗ್ಗೆ ಮಂಜು ಕವಿದಿತ್ತು. ಅವಳ ಹಲಗೆಯ ಮುಂಭಾಗದಲ್ಲಿ ಪ್ರವಾಸಿಗಳ ಆರು ವರ್ಷದ ಹುಡುಗಿ ಕೂತಿದ್ದಳು. ಬಲಗಿವಿಯ ತುಂಬ ಬಂಡೆಗೆ ಬಡಿಯುವ ಅಲೆಯ ಸದ್ದು. ಎಡದಿಂದ ಒಂದು ಮೋಟಾರು ದೋಣಿ ನುಗ್ಗಿ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಮಿರೇಯಾ ತನ್ನ ಹಲಗೆಯನ್ನೇ ಗುದ್ದಿಸಿ ಅವಳ ಹಲಗೆಯನ್ನು ಪಕ್ಕಕ್ಕೆ ತಳ್ಳಿದ್ದಳು. ದೋಣಿಯವನು ಇವರನ್ನು ನೋಡಲೇ ಇಲ್ಲ. ಮಗು ಕೇಕೆ ಹಾಕಿ ನಕ್ಕು ಇನ್ನೊಂದು ಸಲ ಎಂದಿತ್ತು. ಅದರ ತಂದೆತಾಯಿ ಆಗ ಹೋಟೆಲಿನಲ್ಲಿ ನಿದ್ದೆಯಲ್ಲಿದ್ದರು. ಆ ನಗುವನ್ನು ಕೇಳಿದವರು ಇಬ್ಬರೇ.

ಮುದುಕ ಹೋದ ಮೇಲೆ ಒಬ್ದುಲಿಯಾ ಒಲೆಯ ಪಕ್ಕದಲ್ಲಿದ್ದ ಪೊಸೋಲೆಯ ಪಾತ್ರೆಯನ್ನು ನೋಡಿದಳು. ತೊಳೆದಿಟ್ಟು ಮರಳಿಸುವುದು ಬಾಕಿಯಿತ್ತು. ದೂರು ಹೇಳಿದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಈ ಪಾತ್ರೆ ಹೊತ್ತುಕೊಂಡು ಬಂದು, ಇದೇ ಅಡುಗೆಮನೆಯಲ್ಲಿ ನಿಂತು, ನಿಂಬೆಹಣ್ಣು ಹಿಂಡಿದ ಕೈ! ತಾನು ಆ ಬೆನ್ನು ಸವರಿದ್ದು ನೆನಪಾಗಿ ಅವಳು ಪಾತ್ರೆಯನ್ನು ಬಾಗಿಲ ಹೊರಗಿಟ್ಟಳು.

ಮರುದಿನ ಬೆಳಿಗ್ಗೆ ಹಲಗೆ ಹೊತ್ತು ನೀರಿಗಿಳಿದಳು. ಅಜ್ಜಿ ಏಳುವ ಜಾಗದಲ್ಲಿ ಮಿರೇಯಾ ಮೂವರಿಗೆ ಕಲಿಸುತ್ತಿದ್ದಳು. ಒಬ್ದುಲಿಯಾ ನೇರ ಅವಳ ಮುಂದೆ ಹೋಗಿ ನಿಂತಳು.

“ಮಗು ನಕ್ಕಿದ್ದನ್ನೂ ಹೇಳಿದ್ಯಾ?”

ಮಿರೇಯಾ ಬಿಳಿಚಿಕೊಂಡಳು. ಹುಟ್ಟು ನೀರಲ್ಲೇ ನಿಂತಿತು.

“ಕೊಮಾದ್ರೆ...”

“ಹಾಗೆ ಕರೀಬೇಡ. ಹೇಳಿದ್ದು ನೀನೇನಾ?”

“ನಾನೇ,” ಎಂದಳು ಮಿರೇಯಾ. “ಆ ದಿನದಿಂದ ನಂಗೆ ನಿದ್ದೆ ಬಂದಿಲ್ಲ ಕಣೇ. ಒಂದು ಕ್ಷಣ ನಾನು ಬೇರೆ ಕಡೆ ನೋಡ್ತಿದ್ರೆ ಮಗು ಉಳೀತಿತ್ತಾ? ನೀನು ಉಳೀತಿದ್ಯಾ?”

“ಹಾಗಾದ್ರೆ ನಂಗೆ ಹೇಳಬೇಕಿತ್ತು. ಒಬ್ದುಲಿಯಾ, ಸಾಕು, ಮಕ್ಕಳಿಗೆ ಕಲಿಸಬೇಡ ಅಂತ ನನ್ನ ಮುಖಕ್ಕೇ ಹೇಳಬೇಕಿತ್ತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಾಯಿ ಇರಲಿಲ್ವಾ ನಿಂಗೆ?”

“ನೀನು ಕೇಳ್ತಿದ್ಯಾ? ನಿನ್ನ ಹಟ ನಂಗೊತ್ತಿಲ್ವಾ?”

“ಕೇಳ್ತಿದ್ನೋ ಇಲ್ವೋ, ಹೇಳಿ ನೋಡಬೇಕಿತ್ತು. ಶಾಲೆ ಯಾರಿಗೆ ಅನ್ನೋ ಮಾತು ಬಂದ ಮೇಲೇ ನಿನಗೆ ಮಗು ನೆನಪಾಯ್ತು.”

ಮಿರೇಯಾ ತೀರ ಸಣ್ಣ ದನಿಯಲ್ಲಿ, “ಮತ್ತೆ ಮೀನಿನ ಕೊಟ್ಟಿಗೆಗೆ ಹೋಗೋದು ನನ್ನಿಂದ ಆಗಲ್ಲ ಅನ್ನಿಸ್ತು. ಶಾಲೆ ನಿನ್ನ ಕೈಗೆ ಬಂದು, ಏನಾದ್ರೂ ಆಗಿ ಅದು ಮುಚ್ಚಿದ್ರೆ ನಾನೆಲ್ಲಿಗೆ ಹೋಗಲಿ? ಮಗುವಿನ ಭಯಾನೂ ಸುಳ್ಳಲ್ಲ, ಇದೂ ಸುಳ್ಳಲ್ಲ,” ಎಂದಳು.

“ಪೊಸೋಲೆ ಯಾಕೆ ತಂದೆ?”

“ಗೊತ್ತಿಲ್ಲ.”

ಒಬ್ದುಲಿಯಾಳ ಕಣ್ಣು ಮಂಜಾಯಿತು. ಹಿಂದೆ ತಿರುಗಿದಾಗ ಅಲೆಯೊಂದು ಏಳುತ್ತಿತ್ತು. ಏನನ್ನೂ ಯೋಚಿಸದೆ ಹಲಗೆ ತಿರುಗಿಸಿ, ಸಿಟ್ಟನ್ನೆಲ್ಲ ಹುಟ್ಟಿಗೆ ಹಾಕಿ ನಾಲ್ಕೈದು ಸಲ ನೀರನ್ನು ಹಿಂದಕ್ಕೆಳೆದಳು. ಹಲಗೆ ಜಾರಿತು. ಅದೇ ಅಲೆಯನ್ನು ಅವಳ ಎಡಗಡೆ ಆ ಮೂವರಲ್ಲಿ ಒಬ್ಬ ಹೆಂಗಸೂ ಹಿಡಿದಿದ್ದಳು. ತಿರುಗಿಸಲು ಬಾರದೆ ಇವಳ ಕಡೆಗೇ ಬರುತ್ತ ಕಿರುಚುತ್ತಿದ್ದಳು. ಹಿಂದಿನಿಂದ ಮಿರೇಯಾಳೂ ಕೂಗಿದಳು. ದಡದಲ್ಲಿದ್ದ ನಮಗೆಲ್ಲ ಆ ಕೂಗು ಕೇಳಿಸಿತು. ಒಬ್ದುಲಿಯಾಳೊಬ್ಬಳು ತಿರುಗಲಿಲ್ಲ.

ಹಲಗೆಗಳು ಬಡಿದವು, ಇಬ್ಬರೂ ಬಿದ್ದರು. ಆ ಹೆಂಗಸಿನ ಭುಜ ಬಂಡೆಗೆ ತರಚಿ ರಕ್ತ ಬಂತು, ಅಷ್ಟೇ. ಮೊಣಕಾಲುದ್ದ ನೀರಿನಲ್ಲಿ ಕೂತು ಅವಳು ಅಳುತ್ತಿದ್ದಳು. ಮಿರೇಯಾ ಬಂದು ಅವಳನ್ನೆಬ್ಬಿಸಿದಳು. ಆಮೇಲೆ ಒಬ್ದುಲಿಯಾಳ ಕಡೆ ಕೈ ಚಾಚಿದಳು. ನೋಡಿದೆಯಾ, ನಾನು ಹೆದರಿದ್ದು ಸರಿಯಲ್ಲವೇ ಎನ್ನಲಿಲ್ಲ, ಅಷ್ಟನ್ನು ಮಾತ್ರ ಮೆಚ್ಚಬೇಕು. ಒಬ್ದುಲಿಯಾ ಆ ಕೈ ಹಿಡಿಯದೆ ತಾನೇ ಎದ್ದಳು. ಗಾಯಗೊಂಡವಳ ಬಳಿ ಹೋಗಿ, “ತಪ್ಪು ನಂದು. ನಂಗೆ ಈ ಕಿವಿ ಕೇಳಿಸಲ್ಲ,” ಎಂದಳು. ಅಷ್ಟು ಜನರ ಮುಂದೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು.

ಕಲಿಸುವ ಕೆಲಸವನ್ನು ಅವಳು ಮತ್ತೆ ಕೇಳಲಿಲ್ಲ. ಈಗ ಮನೆಯ ಹಿಂದೆ ಒಡೆದ ಹಲಗೆಗಳನ್ನು ರಿಪೇರಿ ಮಾಡುತ್ತಾಳೆ, ಕೈ ಹದವಾಗಿದೆ. ಶಾಲೆಯ ಹಲಗೆಗಳೂ ಅವಳಲ್ಲಿಗೇ ಬರುತ್ತವೆ. ಮಿರೇಯಾ ತಂದರೆ, ಎಲ್ಲಿ ಬಿರುಕು, ಯಾವತ್ತಿಗೆ ಬೇಕು, ಇಷ್ಟೇ ಮಾತು.

ಫೆಬ್ರವರಿಯಲ್ಲಿ ಯುರಿದಿಯಾಳ ಮದುವೆಯಾಯಿತು. “ಅಮ್ಮ, ಅವರನ್ನ ಕರೀಲಾ ಬೇಡ್ವಾ?” ಎಂದು ಮಗಳು ಕೇಳಿದಳು.

“ನಿನ್ನ ಧರ್ಮತಾಯಿ ಕಣೇ ಅವಳು. ನಿಂಗೇನು ಮೋಸ ಮಾಡಿಲ್ಲ. ಕರಿ.”

ಮಿರೇಯಾ ಬಂದಳು, ನೀಲಿ ಬಟ್ಟೆ ಉಟ್ಟಿದ್ದಳು, ವಧುವಿನ ಪಕ್ಕ ನಿಂತಳು. ಬ್ಯಾಂಡಿನವರು ಬಾರಿಸತೊಡಗಿದಾಗ ನೆಂಟರೆಲ್ಲ ಸೇರಿ ಇಬ್ಬರನ್ನೂ ನಡುವಿಗೆ ತಳ್ಳಿದರು. ಒಂದು ಹಾಡು ಮುಗಿಯುವವರೆಗೂ ಒಬ್ದುಲಿಯಾ ಕುಣಿದಳು. ಮುಗಿದ ಮೇಲೂ ಮಿರೇಯಾ ಕೈ ಬಿಡಲಿಲ್ಲ.

“ಯಾವತ್ತಾದ್ರೂ ಸರಿ ಹೋಗತ್ತಾ?”

“ಇವತ್ತಂತೂ ಇಲ್ಲ,” ಎಂದು ಒಬ್ದುಲಿಯಾ ಕೈ ಬಿಡಿಸಿಕೊಂಡು ಅಡುಗೆಯವರಿಗೆ ತಟ್ಟೆ ಸಾಕಾ ಎಂದು ನೋಡಲು ಹೋದಳು.

ಮರುದಿನ ಎಲ್ಲರೂ ಮಲಗಿದ್ದಾಗ ಅವಳು ಒಬ್ಬಳೇ ನೀರಿಗಿಳಿದಳು. ಗಾಳಿಯಿರಲಿಲ್ಲ, ಹೆಜ್ಜಾರ್ಲೆ ಹಕ್ಕಿಗಳು ಬಂಡೆಯ ಮೇಲೆ ಕೂತಿದ್ದವು. ಐದಾರು ಅಲೆ ಹಿಡಿದಳು. ಒಂದಂತೂ ತುಂಬ ಉದ್ದಕ್ಕೆ, ಮರಳಿನವರೆಗೂ ಬಂತು. ಆಮೇಲೆ ಹಲಗೆ ತೊಳೆದಿಟ್ಟು, ಮದುವೆಯಲ್ಲಿ ಮಿಕ್ಕ ತಮಾಲೆ ಕಡುಬುಗಳನ್ನು ಬಿಸಿಮಾಡಲು ಒಲೆ ಹೊತ್ತಿಸಿದಳು.